ವೇದಿಕೆಯ ಮೇಲೆ ಇನ್ನೊಬ್ಬರ ಹಾಡು

ಬೀಟಲ್ಸ್ ತಂಡ ‘ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’ ಹಾಡನ್ನು ವೇದಿಕೆಯ ಮೇಲೆ ಒಮ್ಮೆಯೂ ಹಾಡಲಿಲ್ಲ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಪ್ರದರ್ಶನ ಮುಗಿಸಿದ ಮೇಲೆ ಆ ನಾಲ್ವರು ಊರೂರು ತಿರುಗಿ ಹಾಡುವುದಕ್ಕೇ ಕೈಮುಗಿದುಬಿಟ್ಟಿದ್ದರು. ಅಭಿಮಾನಿಗಳ ಚೀರಾಟದಲ್ಲಿ ತಮ್ಮ ವಾದ್ಯ ತಮಗೇ ಕೇಳಿಸದ ಸ್ಥಿತಿ ಅವರದು. ಮರುವರ್ಷ ಬಂದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಂ ಹುಟ್ಟಿದ್ದು, ಬೆಳೆದದ್ದು ಎಲ್ಲವೂ ಸ್ಟುಡಿಯೊದ ನಾಲ್ಕು ಗೋಡೆಗಳ ಒಳಗೆ. ಈ ಹಾಡು ಅದರಲ್ಲಿ ಎರಡನೆಯದು. ಹಾಡಿದವರು ತಂಡದ ಡ್ರಮ್ಸ್ ವಾದಕ ರಿಂಗೊ ಸ್ಟಾರ್. ಮೂರು ನಿಮಿಷವೂ ಆಗುವುದಿಲ್ಲ, ಮುಗಿದೇ ಹೋಗುತ್ತದೆ.

ಎರಡು ವರ್ಷ ಕಳೆದು, 1969ರ ಆಗಸ್ಟ್ 17ರ ಭಾನುವಾರ ಮಧ್ಯಾಹ್ನ, ನ್ಯೂಯಾರ್ಕ್ ರಾಜ್ಯದ ಬೆಥೆಲ್ ಎಂಬ ಹಳ್ಳಿಯಲ್ಲಿ, ಹೈನುಗಾರನೊಬ್ಬನ ಹೊಲದಲ್ಲಿ ಸೇರಿದ್ದ ಸುಮಾರು ನಾಲ್ಕು ಲಕ್ಷ ಜನರ ಎದುರು ಜೋ ಕಾಕರ್ ನಿಂತರು. ವಯಸ್ಸು ಇಪ್ಪತ್ತೈದು. ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡಿನವರು. ಒಂದು ಕಾಲಕ್ಕೆ ಮನೆಮನೆಗೆ ಗ್ಯಾಸ್ ಕೊಳವೆ ಜೋಡಿಸುವ ಕೆಲಸ ಮಾಡಿದವರು. ವುಡ್‌ಸ್ಟಾಕ್ ಉತ್ಸವದಲ್ಲಿ ಅವರು ಕೊನೆಗೆ ಎತ್ತಿಕೊಂಡದ್ದು ಇದೇ ಹಾಡು. ಅದು ಏಳು ನಿಮಿಷಕ್ಕೂ ಮೇಲೆ ಹಿಡಿಯಿತು.

ಮೂಲವನ್ನು ಬಲ್ಲವರಲ್ಲಿ ಈ ಎರಡರ ನಡುವಿನ ತಕರಾರು ಇಂದಿಗೂ ಮುಗಿದಿಲ್ಲ. ರಾಕ್ ಹಾಡೊಂದನ್ನು ಬೇರೆಯವರು ವೇದಿಕೆಯ ಮೇಲೆ ಹಾಡಿದಾಗ ಅದು ಮೂಲವನ್ನು ಮೀರಬಲ್ಲದೆ? ಮೀರಬಲ್ಲದು ಎಂಬುದು ನನ್ನ ಉತ್ತರ. ಆದರೆ ಹಾಗೆ ನಿಜಕ್ಕೂ ಮೀರಿದ ಹಾಡುಗಳು ನಾವು ಸಂಭ್ರಮಿಸುವಷ್ಟು ಇಲ್ಲ. ಹೆಚ್ಚಿನ ಸಲ ನಾವು ಮೆಚ್ಚಿಕೊಳ್ಳುವುದು ಹಾಡನ್ನಲ್ಲ, ಆ ಸಂದರ್ಭವನ್ನು. ಈ ಎರಡನ್ನೂ ಬಿಡಿಸಿ ನೋಡದೆ ವಾದ ಮಾಡಿದರೆ ಅದು ಅಭಿಮಾನಿಗಳ ಜಗಳವಾಗಿಯೇ ಉಳಿಯುತ್ತದೆ.

ಮೊದಲು ಕಾಕರ್ ಏನು ಮಾಡಿದರೆಂದು ಹತ್ತಿರದಿಂದ ನೋಡೋಣ. ರಿಂಗೊ ಅವರ ಕಂಠದ ಹರವು ಕಿರಿದು. ಅದನ್ನು ತಿಳಿದೇ ಲೆನನ್ ಮತ್ತು ಮೆಕಾರ್ಟ್ನಿ ಕೆಲವೇ ಸ್ವರಗಳೊಳಗೆ ಓಡಾಡುವ ರಾಗ ಕಟ್ಟಿಕೊಟ್ಟರು. ಕಟ್ಟಕಡೆಯ ಎತ್ತರದ ಸ್ವರಕ್ಕೆ ರಿಂಗೊ ಹಿಂಜರಿದರು, ಗೆಳೆಯರು ಹುರಿದುಂಬಿಸಿ ಹಾಡಿಸಿದರು. ನಾಲ್ಕು ಎಣಿಕೆಯ, ಹೆಜ್ಜೆ ಹಾಕಿಕೊಂಡು ನಡೆಯುವಂಥ ಲಯ. ಹಿಂದಿನವರು ಪ್ರಶ್ನೆ ಕೇಳುತ್ತಾರೆ, ಮುಂದಿನವರು ಉತ್ತರ ಕೊಡುತ್ತಾರೆ. ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತ ಗೆಳೆಯರ ಹರಟೆಯಂಥ ಹಾಡು. ಸ್ವಲ್ಪ ಅಪಸ್ವರ ಬಂದರೂ ನೀವು ನನ್ನ ಜೊತೆಗಿರುತ್ತೀರಲ್ಲ ಎಂಬ ಭರವಸೆ ಅದರಲ್ಲಿ ಮೊದಲಿನಿಂದಲೂ ಇದೆ. ಅದಕ್ಕೇ ಅದು ಹಿತ. ಹಾಡುವವರಿಗೆ ಉತ್ತರ ಮೊದಲೇ ಗೊತ್ತಿರುವುದರಿಂದ ಅಲ್ಲಿ ಅಪಾಯವೆಂಬುದೇ ಇಲ್ಲ.

ಕಾಕರ್ ಮೊದಲು ಬದಲಿಸಿದ್ದು ತಾಳ. ನಾಲ್ಕರ ನಡೆ ಹೋಗಿ ಮೂರರ ತೂಗಾಟ ಬಂತು, ವೇಗ ಇಳಿದು ವಿಳಂಬವಾಯಿತು. ಕ್ರಿಸ್ ಸ್ಟೇನ್ಟನ್ ಅವರ ಕೀಬೋರ್ಡ್ ಚರ್ಚಿನ ಆರ್ಗನ್ನಿನ ಹಾಗೆ ದಾರಿ ತೆರೆಯುತ್ತದೆ. ಪ್ರಶ್ನೆ ಕೇಳುವ ಸಾಲುಗಳನ್ನು ತಂಡದ ಗಂಡಸರೇ ಕಳ್ಳದನಿಯಲ್ಲಿ ಹಾಡುತ್ತಾರೆ. ಬೀಟಲ್ಸ್ ಹಾಡಿದಾಗ ಸಲಿಗೆಯ ವಿಚಾರಣೆಯಾಗಿದ್ದ ಅದೇ ಪ್ರಶ್ನೆಗಳು ಇಲ್ಲಿ ಒಬ್ಬ ಮನುಷ್ಯನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದಂತಿವೆ. ಕಾಕರ್ ಉತ್ತರ ಹೇಳುವುದಿಲ್ಲ, ಉತ್ತರಕ್ಕಾಗಿ ತಡಕಾಡುತ್ತಾರೆ. ಬಣ್ಣ ಹಚ್ಚಿದ ಅಂಗಿ ಬೆವರಿನಲ್ಲಿ ತೊಯ್ದಿದೆ, ಕೈಬೆರಳುಗಳು ಇಲ್ಲದ ಗಿಟಾರನ್ನು ಗಾಳಿಯಲ್ಲಿ ನುಡಿಸುತ್ತಿವೆ, ಮೈ ಒಂದು ಕಡೆಗೆ ಸೆಳೆತ ಬಂದಂತೆ ವಾಲುತ್ತದೆ. ನಡುವೆ ಒಂದು ಕಡೆ ಪದಗಳನ್ನೇ ಬಿಟ್ಟು ಗಂಟಲು ಹರಿಯುವಂತೆ ಕೂಗುತ್ತಾರೆ. ಆ ಕೂಗು ಬರುವ ಹೊತ್ತಿಗೆ ಹಾಡಿನ ಅರ್ಥ ಪೂರ್ತಿ ತಿರುಗಿ ನಿಂತಿರುತ್ತದೆ. ಗೆಳೆಯರ ನೆರವಿಲ್ಲದೆ ಹೋದರೆ ಈ ಮನುಷ್ಯ ಬದುಕಲಾರ ಎಂದು ನಾವು ನಂಬುತ್ತೇವೆ. ಬೀಟಲ್ಸ್ ಬರೆದ ಮಾತುಗಳ ಒಳಗೇ ಈ ಸಂಕಟ ಇತ್ತು. ಬರೆದವರು ಅದನ್ನು ಮುಟ್ಟದೆ ಬಿಟ್ಟಿದ್ದರು. ಕಾಕರ್ ತೀರಿಕೊಂಡಾಗ ಮೆಕಾರ್ಟ್ನಿ, ತಮ್ಮ ಹಾಡನ್ನು ಅವರು ಬೇರೆಯೇ ಎತ್ತರಕ್ಕೆ ಒಯ್ದುದಕ್ಕೆ ಸದಾ ಋಣಿ ಎಂಬ ಅರ್ಥದ ಮಾತಾಡಿದರು.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ರಾಕ್ ಸಂಗೀತದಲ್ಲಿ ಕೃತಿ ಎಂದರೆ ಯಾವುದು? ಅಮೆರಿಕದ ತತ್ತ್ವಶಾಸ್ತ್ರಜ್ಞ ಥಿಯೊಡೊರ್ ಗ್ರೇಸಿಕ್ 1996ರಲ್ಲಿ ಪ್ರಕಟಿಸಿದ ‘ರಿದಮ್ ಅಂಡ್ ನಾಯ್ಸ್’ ಪುಸ್ತಕದಲ್ಲಿ ರಾಕ್‌ನ ಮೂಲ ಕೃತಿ ಧ್ವನಿಮುದ್ರಣವೇ ಎಂದು ವಾದಿಸಿದ್ದಾರೆ. ಸ್ವರಲಿಪಿಯಲ್ಲಿ ಬರೆದಿಡಲಾಗದ ಸಂಗತಿಗಳು, ಅಂದರೆ ಗಿಟಾರಿನ ಕರ್ಕಶ, ಕೋಣೆಯ ಮಾರ್ದನಿ, ಟೇಪಿನ ಮೇಲೆ ಪದರ ಪದರವಾಗಿ ಕೂರಿಸಿದ ದನಿಗಳು, ಇವೆಲ್ಲವೂ ಆ ಕೃತಿಯ ಒಡಲೇ ಆಗಿವೆ. ಹಾಗಿದ್ದರೆ ವೇದಿಕೆಯ ಮೇಲೆ ಹಾಡುವುದು ಬೇರೊಂದು ಜಾತಿಯ ಕೆಲಸ. ಚಲನಚಿತ್ರವನ್ನು ಅದರ ಕತೆಯ ನಾಟಕಪ್ರಯೋಗ ಮೀರಿಸಿತೇ ಎಂದು ಕೇಳಿದಷ್ಟೇ ಅಸಂಬದ್ಧವಾಗಿಬಿಡುತ್ತದೆ ನಮ್ಮ ಪ್ರಶ್ನೆ.

ಈ ವಾದದಲ್ಲಿ ಹುರುಳಿದೆ. ಕರ್ನಾಟಕದ ಕೇಳುಗರಿಗೆ ಇದರ ಮಹತ್ವ ಬೇಗ ಹೊಳೆಯುತ್ತದೆ. ನಾವು ಬೆಳೆದುಬಂದ ಸಂಗೀತದ ಸ್ವಭಾವ ಇದಕ್ಕೆ ವಿರುದ್ಧವಾದದ್ದು. ಪುರಂದರದಾಸರ ಕೀರ್ತನೆಗೆ ಮೂಲ ಧ್ವನಿಮುದ್ರಣವೆಂಬುದಿಲ್ಲ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದರು, ಭೀಮಸೇನ ಜೋಶಿಯವರು ಹಿಂದುಸ್ತಾನಿ ದಾರಿಯಲ್ಲಿ ಹಾಡಿದರು. ಯಾರು ಯಾರನ್ನು ಅನುಕರಿಸಿದರು ಎಂದು ಯಾರೂ ಕೇಳುವುದಿಲ್ಲ. ಇಂದು ಸಂಜೆ ಹೊಸ ಗಾಯಕಿಯೊಬ್ಬಳು ಅದನ್ನು ಇನ್ನೂ ಚೆನ್ನಾಗಿ ಹಾಡಿದರೆ ಯಾವ ಮೂಲಕ್ಕೂ ಅಪಚಾರವಾಗುವುದಿಲ್ಲ. ರಾಕ್ ಹಾಡಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಒಂದು ನಿರ್ದಿಷ್ಟ ಕಂಠ, ಒಂದು ದಿನಾಂಕ, ಒಂದು ಕೋಣೆ ಇವೆಲ್ಲವನ್ನೂ ಮೈಗಂಟಿಸಿಕೊಂಡೇ ಹುಟ್ಟುತ್ತದೆ.

ಆದರೂ ಗ್ರೇಸಿಕ್ ಅವರ ವಾದ ನನ್ನನ್ನು ಪೂರ್ತಿ ಒಪ್ಪಿಸುವುದಿಲ್ಲ. ಧ್ವನಿಮುದ್ರಣವೊಂದೇ ಕೃತಿಯಾಗಿದ್ದರೆ ಕಾಕರ್ ಹಾಡುವಾಗ ನಮಗೆ ಅದೇ ಹಾಡು ಎಂದು ಗುರುತು ಸಿಗುತ್ತಿದ್ದುದಾದರೂ ಹೇಗೆ? ತಾಳ, ವೇಗ, ವಾದ್ಯ, ದನಿ ಎಲ್ಲವೂ ಬದಲಾದ ಮೇಲೂ ಉಳಿಯುವ ಒಂದು ತಿರುಳು ಇದೆ. ಮಾತು, ರಾಗದ ಎಲುಬುಗೂಡು, ಪ್ರಶ್ನೆ–ಉತ್ತರದ ಕಟ್ಟಡ ಅದರಲ್ಲಿ ಸೇರಿವೆ. ಆ ತಿರುಳಿನಿಂದ ಯಾರು ಹೆಚ್ಚು ಹೊರತೆಗೆದರು ಎಂಬ ಹೋಲಿಕೆ ನ್ಯಾಯವಾದದ್ದೇ. ಜೊತೆಗೆ, ಮೂಲವೇ ಎರಡಾಗಿರುವ ಹಾಡುಗಳೂ ಇವೆ. ಸೈಮನ್ ಮತ್ತು ಗಾರ್ಫಂಕಲ್ ಅವರ ‘ದ ಸೌಂಡ್ ಆಫ್ ಸೈಲೆನ್ಸ್’ 1964ರಲ್ಲಿ ಬಂದದ್ದು ಬರೀ ಗಿಟಾರಿನೊಂದಿಗೆ. ಅದು ಸೋತಿತು. ಮರುವರ್ಷ ನಿರ್ಮಾಪಕ ಟಾಮ್ ವಿಲ್ಸನ್ ಇಬ್ಬರಿಗೂ ಹೇಳದೆ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್ ಸೇರಿಸಿದರು. ಅದು 1966ರ ಜನವರಿಯಲ್ಲಿ ಅಮೆರಿಕದ ಪಟ್ಟಿಯ ತುದಿ ಮುಟ್ಟಿತು. ಲೋಕ ಇಂದು ಮೂಲ ಎಂದು ಕರೆಯುತ್ತಿರುವುದು ಈ ಎರಡನೆಯದನ್ನು!

ಈಗ ಎಲ್ಲರೂ ಎತ್ತಿ ತೋರಿಸುವ ಇನ್ನೊಂದು ಉದಾಹರಣೆಗೆ ಬರುತ್ತೇನೆ. 2012ರ ಡಿಸೆಂಬರ್ 2, ವಾಷಿಂಗ್ಟನ್ನಿನ ಕೆನಡಿ ಸೆಂಟರ್. ಲೆಡ್ ಜೆಪೆಲಿನ್ ತಂಡದಲ್ಲಿ ಉಳಿದಿದ್ದ ಮೂವರಿಗೆ ಸನ್ಮಾನ. ‘ಹಾರ್ಟ್’ ತಂಡದ ಆ್ಯನ್ ಮತ್ತು ನ್ಯಾನ್ಸಿ ವಿಲ್ಸನ್ ಸೋದರಿಯರು ‘ಸ್ಟೇರ್‌ವೇ ಟು ಹೆವನ್’ ಎತ್ತಿಕೊಂಡರು. ಡ್ರಮ್ಸ್ ಮುಂದೆ ಕೂತವರು ಜೇಸನ್ ಬಾನಮ್, 1980ರಲ್ಲಿ ತೀರಿಕೊಂಡ ಜೆಪೆಲಿನ್ ಡ್ರಮ್ಸ್ ವಾದಕ ಜಾನ್ ಬಾನಮ್ ಅವರ ಮಗ. ಹಾಡಿನ ನಡುವೆ ಹಿಂಬದಿಯಲ್ಲಿ ದೊಡ್ಡ ಗಾಯಕವೃಂದ ಕಾಣಿಸಿಕೊಂಡಿತು. ಅವರೆಲ್ಲರ ತಲೆಯ ಮೇಲೆ ಜಾನ್ ಬಾನಮ್ ತೊಡುತ್ತಿದ್ದಂಥ ದುಂಡು ಹ್ಯಾಟು. ಮೇಲಿನ ಸಾಲಿನಲ್ಲಿ ಕೂತಿದ್ದ ಜೆಪೆಲಿನ್ ಗಾಯಕ ರಾಬರ್ಟ್ ಪ್ಲಾಂಟ್ ಅವರ ಕಣ್ಣು ತುಂಬಿಬಂತು. ತಾವೇ ಹಾಡಿ ಹಾಡಿ ಬೇಸತ್ತು ದೂರವಿಟ್ಟಿದ್ದ ಹಾಡಿಗೆ ಅವರು ಅತ್ತರು.

ಆ ದೃಶ್ಯ ನೋಡಿ ಕರಗದವರು ಕಡಿಮೆ, ನಾನೂ ಕರಗಿದ್ದೇನೆ. ಆದರೆ ಕಣ್ಣು ಮುಚ್ಚಿಕೊಂಡು ಅದನ್ನೇ ಇನ್ನೊಮ್ಮೆ ಕೇಳಿ. ಆ್ಯನ್ ವಿಲ್ಸನ್ ಅವರ ಕಂಠ ಅದ್ಭುತವಾಗಿದೆ, ವಾದ್ಯಗೋಷ್ಠಿ ತುಂಬಿಕೊಂಡಿದೆ. ಹಾಗಿದ್ದರೂ ಹಾಡಿನ ನಕ್ಷೆಯ ಒಂದು ಗೆರೆಯೂ ಬದಲಾಗಿಲ್ಲ. 1971ರ ಮುದ್ರಣದಲ್ಲಿ ಎಲ್ಲಿ ಕೊಳಲಿನಂಥ ರೆಕಾರ್ಡರ್ ಇತ್ತೋ, ಎಲ್ಲಿ ಡ್ರಮ್ಸ್ ಒಳಬರುತ್ತಿತ್ತೋ, ಎಲ್ಲಿ ಸೋಲೊ ಏರುತ್ತಿತ್ತೋ ಅದೇ ಏರಿಳಿತ ಇಲ್ಲಿಯೂ ಇದೆ. ಜೆಪೆಲಿನ್ ತಂಡದ ಜಿಮ್ಮಿ ಪೇಜ್ ಸ್ಟುಡಿಯೊದಲ್ಲಿ ಹಳೆಯ ಟೆಲಿಕ್ಯಾಸ್ಟರ್ ಗಿಟಾರ್ ಹಿಡಿದು ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸಿದ ಸೋಲೊ ಇಲ್ಲಿ ಪಾಠವಾಗಿ ಬರುತ್ತದೆ. ಹುಡುಕಿ ಕಂಡುಕೊಂಡವರ ಉಸಿರು ಕಲಿತು ಒಪ್ಪಿಸುವವರಲ್ಲಿ ಇರುವುದಿಲ್ಲ. ನಮ್ಮನ್ನು ಅಳಿಸಿದ್ದು ಸತ್ತ ತಂದೆಯ ಜಾಗದಲ್ಲಿ ಕೂತ ಮಗ, ಮುಪ್ಪಿನ ಅಂಚಿಗೆ ಬಂದ ಮೂವರು ಗೆಳೆಯರು, ಅವರ ಮುಖಗಳತ್ತ ಸರಿಯಾದ ಹೊತ್ತಿಗೆ ತಿರುಗಿದ ಕ್ಯಾಮೆರಾ. ಅದು ಗೌರವ ಸಮರ್ಪಣೆ, ಅತ್ಯಂತ ಉತ್ತಮವಾದದ್ದು. ಮೀರುವ ಪ್ರಯತ್ನವನ್ನು ಅದು ಮಾಡಲೂ ಇಲ್ಲ.

ಪ್ರಿನ್ಸ್ ಮಾಡಿದ್ದು ಇದಕ್ಕಿಂತ ಕಠಿಣವಾದ ಪ್ರಕರಣ. 2004ರ ಮಾರ್ಚ್ 15ರಂದು ನ್ಯೂಯಾರ್ಕಿನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಮಾರಂಭ. ತೀರಿಕೊಂಡು ಎರಡು ವರ್ಷ ದಾಟಿದ್ದ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ನೆನಪಿಗೆ ಅವರದೇ ಹಾಡು ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’. ಟಾಮ್ ಪೆಟ್ಟಿ ಮತ್ತು ಜೆಫ್ ಲಿನ್ ಹಾಡುತ್ತಾರೆ, ಹ್ಯಾರಿಸನ್ ಅವರ ಮಗ ಧನಿ ಪಕ್ಕದಲ್ಲಿ ಗಿಟಾರ್ ಹಿಡಿದಿದ್ದಾರೆ. ಮೂರು ನಿಮಿಷಕ್ಕೂ ಹೆಚ್ಚು ಕಾಲ ಪ್ರಿನ್ಸ್ ಮರೆಯಲ್ಲೇ ಇರುತ್ತಾರೆ. ಕೆಂಪು ಟೋಪಿ ತೊಟ್ಟ ಆ ಪುಟ್ಟ ಮನುಷ್ಯ ಆಮೇಲೆ ಮುಂದೆ ಬಂದು ನುಡಿಸಿದ ಸೋಲೊವನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ. ಒಂದು ಹಂತದಲ್ಲಿ ಬೆನ್ನ ಹಿಂದಕ್ಕೆ ಸಭಿಕರ ಮೇಲೆ ಬಾಗುತ್ತಾರೆ, ಕೆಳಗಿದ್ದವನೊಬ್ಬ ಹಿಡಿದು ಎತ್ತುತ್ತಾನೆ. ಸ್ವರ ಒಂದೂ ಜಾರುವುದಿಲ್ಲ. ಧನಿಯ ಮುಖದಲ್ಲಿ ಅರಳುವ ನಗು ನೋಡಬೇಕು. ಕೊನೆಗೆ ಗಿಟಾರನ್ನು ಮೇಲಕ್ಕೆಸೆದು, ತಿರುಗಿ ನೋಡದೆ ಹೊರಟುಹೋಗುತ್ತಾರೆ.

1968ರ ಮೂಲದಲ್ಲಿ ಆ ಜಾಗದಲ್ಲಿ ನುಡಿಸಿದ್ದವರು ಎರಿಕ್ ಕ್ಲಾಪ್ಟನ್. ತಮ್ಮ ಗಿಟಾರು ಬೀಟಲ್ಸ್ ದನಿಗೆ ಹೊಂದಲಿ ಎಂದು ಸ್ಟುಡಿಯೊದಲ್ಲಿ ಅದಕ್ಕೆ ತೊನೆದಾಟ ಸೇರಿಸಿದ್ದರು. ವಾದನದ ಕೌಶಲ, ಎದೆಗಾರಿಕೆ ಎರಡರಲ್ಲೂ ಪ್ರಿನ್ಸ್ ಅದನ್ನು ದಾಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಆದರೆ ಹಾಡು? ಹ್ಯಾರಿಸನ್ ಹಾಡಿದ್ದು ಲೋಕದ ನಿರ್ಲಕ್ಷ್ಯ ನೋಡಿ ಮೆಲ್ಲಗೆ ಅಳುವ ಒಂದು ವಾದ್ಯದ ಬಗ್ಗೆ. ಪ್ರಿನ್ಸ್ ಅವರ ಗಿಟಾರು ಮೆಲ್ಲಗೂ ಇಲ್ಲ, ಅಳುವುದೂ ಇಲ್ಲ. ಅದು ಗೆದ್ದವನ ಅಟ್ಟಹಾಸ. ಒಂದು ಭಾಗ ಮೂಲವನ್ನು ಮೀರಿತು, ಹಾಡು ಮಾತ್ರ ಹ್ಯಾರಿಸನ್ ಅವರ ಬಳಿಯೇ ಉಳಿಯಿತು.

ದನಿ ಹೆಚ್ಚಾದ ಮಾತ್ರಕ್ಕೆ ಹಾಡು ಬೆಳೆಯುವುದಿಲ್ಲ ಎಂಬುದಕ್ಕೆ ‘ದ ಹೂ’ ತಂಡದ ‘ಲೈವ್ ಅಟ್ ಲೀಡ್ಸ್’ ನೋಡಬಹುದು. 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಸಭಾಂಗಣದಲ್ಲಿ ಮುದ್ರಿಸಿದ ಈ ಆಲ್ಬಂ ಮೊದಲು ಹೊರಬಂದಾಗ ಅದರಲ್ಲಿದ್ದ ಆರು ಹಾಡುಗಳಲ್ಲಿ ಮೂರು ಬೇರೆಯವರವು. ಅವುಗಳಲ್ಲಿ ಎಡಿ ಕಾಕ್ರನ್ ಅವರ 1958ರ ‘ಸಮರ್‌ಟೈಮ್ ಬ್ಲೂಸ್’ ಒಂದು. ಅದನ್ನು ‘ದ ಹೂ’ ಗೆದ್ದುಕೊಂಡಿತೆಂದು ಹೇಳುವವರು ಬಹಳ. ನನಗೆ ಹಾಗನ್ನಿಸದು. ಕಾಕ್ರನ್ ಎರಡೇ ನಿಮಿಷದಲ್ಲಿ, ಗಿಟಾರು, ಚಪ್ಪಾಳೆ, ಒಂದು ಚೂರು ತುಂಟತನ ಇಷ್ಟರಲ್ಲೇ, ಅಪ್ಪನಿಗೂ ಯಜಮಾನನಿಗೂ ಏನೂ ಮಾಡಲಾಗದ ಹದಿಹರೆಯದ ಹುಡುಗನ ಪಾಡನ್ನು ಹೇಳಿಬಿಟ್ಟರು. ‘ದ ಹೂ’ ಅದೇ ಮಾತನ್ನು ಗುಡುಗಿನಂತೆ ಹೇಳಿತು. ಅಷ್ಟು ಶಕ್ತಿಯಿರುವ ಹುಡುಗ ಯಜಮಾನನಿಗೆ ಹೆದರಬೇಕಾದ್ದೇ ಇಲ್ಲವಲ್ಲ!

ನಿರ್ವಾಣ ತಂಡದ ವಿಷಯದಲ್ಲಿ ನನ್ನ ತೀರ್ಪು ಇಷ್ಟು ಸುಲಭವಾಗಿ ಬರುವುದಿಲ್ಲ. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಎಂಟಿವಿಗಾಗಿ ನುಡಿಸಿದ ಹದಿನಾಲ್ಕು ಹಾಡುಗಳಲ್ಲಿ ಆರು ಬೇರೆಯವರವು. ತಂಡದ ಗಾಯಕ ಕರ್ಟ್ ಕೊಬೇನ್ ಕೇಳಿಕೊಂಡಂತೆ ವೇದಿಕೆಯ ತುಂಬ ಲಿಲಿ ಹೂವು, ಕಪ್ಪು ಮೇಣದಬತ್ತಿ. ಐದು ತಿಂಗಳೊಳಗೆ ಅವರು ಬದುಕಿರಲಿಲ್ಲ. ಆಲ್ಬಂ ಬಂದದ್ದು ಅವರು ಸತ್ತ ಮೇಲೆ. ಹೀಗಾಗಿ ಆ ಧ್ವನಿಮುದ್ರಣವನ್ನು ಸಾವಿನ ನೆರಳಿಲ್ಲದೆ ಕೇಳುವುದು ಈಗ ಯಾರಿಗೂ ಸಾಧ್ಯವಿಲ್ಲ. ಡೇವಿಡ್ ಬೋವಿಯವರ 1970ರ ‘ದ ಮ್ಯಾನ್ ಹೂ ಸೋಲ್ಡ್ ದ ವರ್ಲ್ಡ್’ ಅಂದು ಎಷ್ಟು ಗಾಢವಾಗಿ ಕೊಬೇನ್ ಅವರದಾಯಿತೆಂದರೆ, ಬೋವಿ ತಮ್ಮದೇ ಹಾಡನ್ನು ಹಾಡಿ ಮುಗಿಸಿದಾಗ ನಿರ್ವಾಣದ ಹಾಡು ಹಾಡಿದ್ದಕ್ಕೆ ಹುಡುಗರು ಬಂದು ಮೆಚ್ಚಿಕೊಳ್ಳುತ್ತಿದ್ದರಂತೆ. ಇದನ್ನು ಗೆಲುವಿನ ಸಾಕ್ಷಿ ಎಂದುಕೊಳ್ಳಬಾರದು. ಪದೇ ಪದೇ ಕೇಳಿದ್ದೇ ಹಿತವೆನಿಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಯಾವುದನ್ನು ಮೊದಲು ಕೇಳಿದೆವೋ ಅದೇ ನಮ್ಮ ಕಿವಿಗೆ ಮೂಲವಾಗಿಬಿಡುತ್ತದೆ. ಬೋವಿಯವರ ಮುದ್ರಣದಲ್ಲಿ ಒಂದು ವಿಚಿತ್ರ ತಣ್ಣನೆಯ ದನಿಯಿದೆ, ತನ್ನನ್ನೇ ಹೊರಗಿನಿಂದ ನೋಡುವವನ ದನಿ. ತನ್ನ ಇನ್ನೊಂದು ರೂಪವನ್ನು ಮೆಟ್ಟಿಲ ಮೇಲೆ ಎದುರಾಗುವವನ ಕತೆಗೆ ಆ ದೂರ ಬೇಕು. ಕೊಬೇನ್ ಅದನ್ನು ತೀರ ತಮ್ಮದಾಗಿಸಿಕೊಂಡು ಹಾಡುತ್ತಾರೆ, ದೂರ ಉಳಿಯುವುದಿಲ್ಲ. ನಾನು ಬೋವಿಯ ಪಕ್ಷ.

ಅದೇ ಸಂಜೆಯ ಕೊನೆಯ ಹಾಡು ಮಾತ್ರ ಬೇರೆ. ‘ವೇರ್ ಡಿಡ್ ಯೂ ಸ್ಲೀಪ್ ಲಾಸ್ಟ್ ನೈಟ್’ ಅಮೆರಿಕದ ಬೆಟ್ಟಸೀಮೆಯ ಹಳೆಯ ಜನಪದ ಹಾಡು. ಕೊಬೇನ್ ಕಲಿತದ್ದು ಲೆಡ್ ಬೆಲಿಯವರ ಮುದ್ರಣದಿಂದ. ಕೊನೆಯ ಚರಣದಲ್ಲಿ ಅವರು ದನಿಯನ್ನು ಒಂದು ಸ್ಥಾಯಿ ಮೇಲಕ್ಕೆತ್ತುತ್ತಾರೆ, ಗಂಟಲು ಒಡೆಯುತ್ತದೆ, ಮುಕ್ತಾಯಕ್ಕೆ ಎರಡು ಮಾತು ಬಾಕಿ ಇರುವಾಗ ನಿಲ್ಲುತ್ತಾರೆ, ಕಣ್ಣು ತೆರೆಯುತ್ತಾರೆ, ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಅಲ್ಲಿ ಮೀರಬೇಕಾದ ಮೂಲವೇ ಇರಲಿಲ್ಲ. ಕೀರ್ತನೆಯಂತೆ ಅದು ಹತ್ತಾರು ಬಾಯಿ ದಾಟಿ ಬಂದಿತ್ತು. ಬಹುಶಃ ಅದರಿಂದಲೇ ಕೊಬೇನ್ ಅದರಲ್ಲಿ ಅಷ್ಟು ಸ್ವತಂತ್ರರಾದರು.

ನೇರ ಪ್ರದರ್ಶನಕ್ಕೆ ಮೂಲವನ್ನು ಮೀರುವ ಮಾಂತ್ರಿಕ ಶಕ್ತಿ ಇದೆ ಎಂಬ ನಂಬಿಕೆಗೆ ಅಡ್ಡವಾಗಿ ನಿಲ್ಲುವ ಹಾಡು ‘ಆಲ್ ಅಲಾಂಗ್ ದ ವಾಚ್‌ಟವರ್’. ಬಾಬ್ ಡಿಲನ್ ಅವರ ಮೂಲ ಹೊರಬಂದದ್ದು 1967ರ ಡಿಸೆಂಬರ್ ಕೊನೆಯ ವಾರ. ತಿಂಗಳೊಳಗೆ ಜಿಮಿ ಹೆಂಡ್ರಿಕ್ಸ್ ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಅದನ್ನು ಮುದ್ರಿಸತೊಡಗಿದರು. ಆಮೇಲೂ ಬಿಡದೆ, ನ್ಯೂಯಾರ್ಕಿಗೆ ಟೇಪು ಒಯ್ದು ಗಿಟಾರಿನ ಮೇಲೆ ಗಿಟಾರು ಕೂರಿಸುತ್ತ ಹೋದರು. ರಾಕ್ ಚರಿತ್ರೆಯಲ್ಲಿ ಮೂಲವನ್ನು ಮೀರಿದ ಹಾಡು ಯಾವುದೆಂದರೆ ಹೆಚ್ಚಿನವರು ಇದನ್ನೇ ಹೆಸರಿಸುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಇದು ಸ್ಟುಡಿಯೊದ ತಪಸ್ಸಿನ ಫಲ. ಸಾಯುವುದಕ್ಕೆ ಮೂರು ವಾರದ ಹಿಂದೆ, ಐಲ್ ಆಫ್ ವೈಟ್ ಉತ್ಸವದಲ್ಲಿ ಹೆಂಡ್ರಿಕ್ಸ್ ಇದನ್ನು ನುಡಿಸಿದ್ದು ದಾಖಲಾಗಿದೆ. ಅದು ಅವರದೇ ಮುದ್ರಣದ ಸಮಕ್ಕೆ ಬರುವುದಿಲ್ಲ. ಅತ್ತ ಡಿಲನ್ 1974ರ ಪ್ರವಾಸದಿಂದ ಈ ಹಾಡನ್ನು ಹೆಂಡ್ರಿಕ್ಸ್ ದಾರಿಗೆ ಹತ್ತಿರವಾಗಿ ನುಡಿಸತೊಡಗಿದರು. ವೇದಿಕೆಯ ಮೇಲೆ ಅವರು ಅತಿ ಹೆಚ್ಚು ಸಲ ಹಾಡಿದ ಹಾಡೂ ಇದೇ. ಬರೆದವನೇ ಬಂದು ಇನ್ನೊಬ್ಬನ ದಾರಿ ಹಿಡಿದ ಮೇಲೆ ಬೇರೆ ಸಾಕ್ಷಿ ಯಾಕೆ ಬೇಕು?

ಹಾಗಾದರೆ ವೇದಿಕೆಗೆ ಇರುವ ಪಾಲೇನು? ಕಾಕರ್ ಅವರ ಹಾಡೂ ವುಡ್‌ಸ್ಟಾಕಿನಲ್ಲಿ ಆಕಾಶದಿಂದ ಉದುರಿದ್ದಲ್ಲ. ಅದರ ಸ್ಟುಡಿಯೊ ಮುದ್ರಣ 1968ರಲ್ಲೇ ಬಂದಿತ್ತು, ಜಿಮ್ಮಿ ಪೇಜ್ ಅದರಲ್ಲಿ ಗಿಟಾರು ನುಡಿಸಿದ್ದರು, ಅದೇ ನವೆಂಬರಿನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಹೊಸ ತಾಳ, ಹೊಸ ವೇಗ, ಪ್ರಶ್ನೋತ್ತರದ ಹೊಸ ಧಾಟಿ ಎಲ್ಲವೂ ಮೊದಲೇ ಕಟ್ಟಿಯಾಗಿತ್ತು. ಅದನ್ನು ಊರೂರಲ್ಲಿ ಹಾಡಿ ಪಳಗಿಸಿ, ಆ ಮೇಲೆ ನಾಲ್ಕು ಲಕ್ಷ ಜನರ ಎದುರು ಮರಳಿ ತೆಗೆಯಲಾಗದ ಒಂದೇ ಪ್ರಯತ್ನಕ್ಕೆ ಒಡ್ಡಿದರು. ವೇದಿಕೆ ಕೊಟ್ಟದ್ದು ಆ ಅಪಾಯವನ್ನು. ನೆರವಿಗಾಗಿ ಅಂಗಲಾಚುವ ಹಾಡಿಗೆ ಅಪಾಯವೇ ಬೇಕಿತ್ತು. ಎಡವಿದರೆ ಮತ್ತೊಮ್ಮೆ ಹಾಡಬಹುದಾದ ಸ್ಟುಡಿಯೊದಲ್ಲಿ ಅದು ಸಿಗುವುದಿಲ್ಲ. ‘ವಾಚ್‌ಟವರ್’ಗೆ ಬೇಕಿದ್ದದ್ದು ಬಿರುಗಾಳಿಯಂಥ ದನಿಗಳ ನಿಖರ ಜೋಡಣೆ, ಅದು ಸ್ಟುಡಿಯೊದಲ್ಲಿ ಸಿಕ್ಕಿತು. ಹಾಡಿನ ಮಾತು ಯಾವ ಸ್ಥಿತಿಯನ್ನು ಕೇಳುತ್ತದೋ ಆ ಸ್ಥಿತಿಯನ್ನು ವೇದಿಕೆ ಒದಗಿಸಿದಾಗ ಮಾತ್ರ ನೇರ ಗಾಯನ ಮೂಲವನ್ನು ದಾಟುತ್ತದೆ.

ಬೆಂಗಳೂರಿನ ರಾಕ್ ತಂಡಗಳನ್ನು ಕೇಳಿಕೊಂಡು ಬಂದವರಿಗೆ ಈ ಮಾತು ದೂರದ್ದಲ್ಲ. ಕಾಲೇಜು ಹಬ್ಬಗಳಲ್ಲಿ, ಪಬ್ಬುಗಳಲ್ಲಿ, ಅರಮನೆ ಮೈದಾನಕ್ಕೆ ಹೊರದೇಶದ ತಂಡಗಳು ಬರುವುದಕ್ಕೂ ಮೊದಲಿನಿಂದ, ನಮ್ಮ ಹುಡುಗರು ಡೀಪ್ ಪರ್ಪಲ್, ಪಿಂಕ್ ಫ್ಲಾಯ್ಡ್, ಐರನ್ ಮೇಡನ್ ಹಾಡುಗಳನ್ನು ಬೆವರು ಸುರಿಸಿ ನುಡಿಸಿದ್ದಾರೆ. ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಸೋಲೊಗಳನ್ನು ಒಂದೊಂದೇ ಸ್ವರವಾಗಿ ಇಳಿಸಿಕೊಂಡ ಆ ಶ್ರಮಕ್ಕೆ ನನ್ನ ಗೌರವವಿದೆ. ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಬಂತು ಎಂಬುದು ಅಲ್ಲಿ ಅತಿ ದೊಡ್ಡ ಹೊಗಳಿಕೆ. ಕಲಿಯುವ ಹಂತದಲ್ಲಿ ಅದು ಸರಿ. ಆದರೆ ಆ ಹೊಗಳಿಕೆ ಸಿಕ್ಕ ದಿನ ಮೂಲವನ್ನು ದಾಟುವ ದಾರಿ ಮುಚ್ಚಿಹೋಯಿತೆಂದೂ ತಿಳಿಯಬೇಕು. ಒಂದೇ ಕೃತಿಯನ್ನು ಹತ್ತು ಬಗೆಯಲ್ಲಿ ಹಾಡುವುದನ್ನು ಚಿಕ್ಕಂದಿನಿಂದ ಕೇಳಿದ ಕಿವಿ ನಮ್ಮದು. ಲಂಡನ್ನಿನ ಅಥವಾ ಸಿಯಾಟಲ್‌ನ ಹುಡುಗನಿಗಿಂತ ಈ ವಿಷಯದಲ್ಲಿ ನಮಗೆ ಧೈರ್ಯ ಹೆಚ್ಚಿರಬೇಕಿತ್ತು.

ಇನ್ನೊಬ್ಬರ ಹಾಡನ್ನು ಎತ್ತಿಕೊಳ್ಳುವ ತಂಡಗಳಲ್ಲಿ ನನ್ನದೊಂದು ಬೇಡಿಕೆ. ಮೂಲದವರು ಆ ಹಾಡಿನಲ್ಲಿ ಎಲ್ಲಿ ನಿರಾಯಾಸವಾಗಿ ದಾಟಿಹೋದರು ಎಂದು ಮೊದಲು ಹುಡುಕಿ, ಅಲ್ಲಿಂದ ಶುರು ಮಾಡಿ. ತಾಳ ಬದಲಿಸಬೇಕಾದರೆ ಬದಲಿಸಿ, ಎಲ್ಲರೂ ಕಾಯುತ್ತಿರುವ ಸೋಲೊವನ್ನು ಬಿಡಬೇಕಾದರೆ ಬಿಡಿ. ಕೇಳುಗರಲ್ಲೂ ಒಂದು ಬೇಡಿಕೆ ಇದೆ: ಹಾಗೆ ಬದಲಿಸಿ ಹಾಡುವವರನ್ನು ಮೊದಲ ಸಾಲಿಗೇ ಕೂಗಿ ಕೆಳಗಿಳಿಸಬೇಡಿ, ಹಾಡು ಮುಗಿಯುವವರೆಗೆ ಕೇಳಿ.